ಕುರ್ಚಿಯ ತುದಿಯಲ್ಲಿ ಕೂರುವವರು

ನಾನು ನೋವಿನ ಚಿಕಿತ್ಸೆ ಮಾಡುವ ವೈದ್ಯ. ಕಿಬ್ಬೊಟ್ಟೆ, ಜನನಾಂಗದ ಹಳೇ ನೋವಿನವರು ಬಂದರೆ ಮೊದಲು ನೋಡುವುದು ಅವರು ಹೇಗೆ ಕೂರುತ್ತಾರೆ ಅಂತ. ಒಬ್ಬ ಮಹಿಳೆ ಕುರ್ಚಿಯ ತುದಿಯಲ್ಲಿ, ಬಲಗಡೆ ಸ್ವಲ್ಪ ಎತ್ತಿಕೊಂಡು ಕೂತಿದ್ದರು. ಯೋನಿಯ ಬಲಭಾಗದಿಂದ ಗುದದವರೆಗೆ ಎರಡು ವರ್ಷದಿಂದ ಉರಿ. ಸ್ಕ್ಯಾನ್‌ಗಳೆಲ್ಲ ನಾರ್ಮಲ್. ‘ಸುಮ್ನೆ ಟೆನ್ಷನ್ ಮಾಡ್ಕೋತೀರಿ’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು.

ಕೂತರೆ ಜಾಸ್ತಿಯಾ? ಹೌದು. ನೋವಿಗೆ ರಾತ್ರಿ ಎಚ್ಚರ ಆಗುತ್ತಾ? ಇಲ್ಲ. ಕಮೋಡ್ ಮೇಲೆ ಕೂತಾಗ? ‘ಅಲ್ಲಿ ಮಾತ್ರ ಪರವಾಗಿಲ್ಲ ಡಾಕ್ಟ್ರೇ’ ಎಂದು ತಲೆ ತಗ್ಗಿಸಿದರು. ನನ್ನ ಅನುಮಾನ ಪ್ಯುಡೆಂಡಲ್ ನರದ ಮೇಲೆ ಹೋಯಿತು. ಬೆನ್ನಿನ ಬುಡದ ಎಸ್2, ಎಸ್3, ಎಸ್4 ಬೇರುಗಳಿಂದ ಹೊರಟು ಆ ಜಾಗಕ್ಕೆಲ್ಲ ಹರಡುವ ನರ ಅದು. ಈ ನರದ ನೋವನ್ನು ಗುರುತಿಸಲು 2008ರಲ್ಲಿ ಪ್ರಕಟವಾದ ನಾಂತ್ ಮಾನದಂಡದಲ್ಲಿ ಐದು ಅಂಶಗಳಿವೆ. ಐದನೆಯದನ್ನು ಕೇಳಿ ತಿಳಿಯಲು ಆಗುವುದಿಲ್ಲ: ಬ್ಲಾಕ್, ಅಂದರೆ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಕೊಟ್ಟಾಗ ನೋವು ಇಳಿಯಬೇಕು.

ಅವರನ್ನು ಬೋರಲು ಮಲಗಿಸಿ, ಪೃಷ್ಠದ ಮೇಲೆ ಅಲ್ಟ್ರಾಸೌಂಡ್ ಇಟ್ಟೆ. ಸೊಂಟದ ಮೂಳೆಯ ಚೂಪು ಭಾಗವಾದ ಇಶಿಯಲ್ ಸ್ಪೈನ್ ಬಿಳಿ ಗೆರೆಯಾಗಿ ಕಾಣುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಪಕ್ಕದಲ್ಲೇ ರಕ್ತನಾಳ ಮಿಣುಕುತ್ತದೆ. ನರವನ್ನು ಹುಡುಕುವುದು ಅದರ ಒಳಮಗ್ಗುಲಲ್ಲಿ, ಎರಡು ಲಿಗಮೆಂಟುಗಳ ನಡುವೆ. ಸೂಜಿ ಅಲ್ಲಿಗೆ ಮುಟ್ಟಿದ ಮೇಲೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಅಂತ ಖಚಿತ ಮಾಡಿಕೊಂಡು, ಮರಗಟ್ಟಿಸುವ ಔಷಧಿ ಬುಪಿವಕೇನ್ (0.25%) 4 ಎಂಎಲ್ ನಿಧಾನವಾಗಿ ಬಿಟ್ಟೆ.

ನಿಧಾನ ಯಾಕೆಂದರೆ, ಶುರುವಿನಲ್ಲಿ ಒಮ್ಮೆ ಧಾರಾಳವಾಗಿ ಔಷಧಿ ಕೊಟ್ಟು ಪಾಠ ಕಲಿತಿದ್ದೆ. ಹೊರಮಗ್ಗುಲಲ್ಲೇ ಕಾಲಿಗೆ ಹೋಗುವ ಸಯಾಟಿಕ್ ನರ ಇದೆಯಲ್ಲ, ಔಷಧಿ ಅಲ್ಲಿಗೂ ಹರಿದಿತ್ತು. ಆ ರೋಗಿ ಮಂಚದಿಂದ ಇಳಿದವರೇ ಕಾಲು ಕುಸಿದು ನನ್ನ ಹೆಗಲಿಗೆ ಜೋತುಬಿದ್ದರು. ಕೆಲವು ಗಂಟೆಯಲ್ಲಿ ಸರಿಹೋಯಿತು, ಆದರೆ ಈಗ ಯಾರನ್ನೂ ಕೈ ಹಿಡಿಯದೆ ಎಬ್ಬಿಸುವುದಿಲ್ಲ.

ಬ್ಲಾಕ್ ಆದ ಮೇಲೆ ಮಲಗಿ ರೆಸ್ಟ್ ಮಾಡಿ ಅಂತ ನಾನು ಹೇಳುವುದಿಲ್ಲ. ಮಲಗಿದರೆ ಹೇಗೂ ನೋವು ಕಮ್ಮಿ, ಗೊತ್ತಾಗುವುದು ಹೇಗೆ? ಅರ್ಧ ಗಂಟೆ ಬಿಟ್ಟು ಆಕೆಯನ್ನು ಗಟ್ಟಿ ಮರದ ಕುರ್ಚಿಯಲ್ಲಿ ಕೂರಿಸಿದೆ. ಮೆಲ್ಲಗೆ ಬಲಗಡೆಯೂ ಊರಿದರು. ಆಮೇಲೆ ಹತ್ತು ನಿಮಿಷ ಅಲುಗಾಡಲಿಲ್ಲ. ಗಂಟೆಗೊಮ್ಮೆ ನೋವಿಗೆ ಹತ್ತರಲ್ಲಿ ಎಷ್ಟು ಅಂತ ಬರೆಯಲು ಒಂದು ಹಾಳೆ ಕೊಟ್ಟು ಕಳಿಸಿದೆ.

ಮರುದಿನ ಫೋನಿನಲ್ಲಿ ಬೇಸರದ ದನಿ. ‘ಆರು ಗಂಟೆ ಸ್ವರ್ಗ, ಆಮೇಲೆ ಮತ್ತೆ ಅದೇ.’ ನನಗೆ ಒಳಗೊಳಗೇ ಖುಷಿ. ನರ ಮರಗಟ್ಟಿದ್ದಾಗ ನೋವಿಲ್ಲ ಅಂದರೆ ಹುಡುಕಬೇಕಾದ ದಾರಿ ಸಿಕ್ಕಿತು ಅಂತ. ಆದರೂ ಇದರಿಂದ ನರ ಒತ್ತಿಹೋಗಿದೆ ಅಂತ ಸಾಬೀತಾಗಲ್ಲ. ಆ ಜಾಗದ ಬೇರೆ ನೋವೂ ಬ್ಲಾಕ್‌ಗೆ ಇಳಿಯುತ್ತದೆ. ಇದನ್ನು ಆಕೆಗೆ ಮೊದಲೇ ಬಿಡಿಸಿ ಹೇಳಬೇಕಿತ್ತು. ನನ್ನದೇ ತಪ್ಪು.

ಆಮೇಲೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳ) ಫಿಸಿಯೋಥೆರಪಿ, ನರದ ನೋವಿನ ಮಾತ್ರೆ, ಸ್ಟಿರಾಯ್ಡ್ ಸೇರಿಸಿ ಇನ್ನೊಂದು ಬ್ಲಾಕ್. ನೋವು ಪೂರ್ತಿ ಹೋಗಿಲ್ಲ. ಈಗ ಮುಕ್ಕಾಲು ಗಂಟೆ ಕೂರುತ್ತಾರೆ. ನಡುವೆ ತೂತಿರುವ ದಿಂಬು ಇನ್ನೂ ಅವರ ಬ್ಯಾಗಿನಲ್ಲೇ ಇರುತ್ತದೆ, ಕಳೆದ ಸಲ ಮಾತ್ರ ಹೊರಗೆ ತೆಗೆಯಲಿಲ್ಲ.