ಹೊಸ ವರ್ಷದ ಗುರಿಯನ್ನು ದಣಿದ ದಿನಕ್ಕೂ ಒಗ್ಗುವಂತೆ ಬರೆದುಕೊಳ್ಳುವ ಬಗೆ

ವರ್ಷದ ಕೊನೆಯಲ್ಲಿ ಸಂಕಲ್ಪಗಳ ಪಟ್ಟಿ ಬರೆಯಲು ಕೂರುವವರು ಸಾಮಾನ್ಯವಾಗಿ ಚೆನ್ನಾಗಿ ನಿದ್ದೆಮಾಡಿ ಎದ್ದ, ಕೆಲಸದ ಒತ್ತಡ ತುಸು ಸಡಿಲಗೊಂಡ ದಿನವೊಂದನ್ನು ಆರಿಸಿಕೊಳ್ಳುತ್ತಾರೆ. ಆದರೆ ಆ ಪಟ್ಟಿಯನ್ನು ನಡೆಸಬೇಕಾದವರು ಫೆಬ್ರವರಿಯ ಯಾವುದೋ ಮಂಗಳವಾರ ರಾತ್ರಿ ಒಂಬತ್ತಕ್ಕೆ, ದಣಿದು, ಅರ್ಧ ತಲೆನೋವಿನೊಂದಿಗೆ ಮನೆ ಸೇರಿದವರು. ಇಬ್ಬರ ಹೆಸರೂ ಒಂದೇ ಆದರೂ ಒಬ್ಬರ ಹುರುಪು ಇನ್ನೊಬ್ಬರಿಗೆ ಇರುವುದಿಲ್ಲ. ನಾವು ಆರಂಭಶೂರತ್ವ ಎಂದು ಹಳಿಯುವುದು ಬಹುಪಾಲು ಈ ಅಂತರವನ್ನೇ. ಆದ್ದರಿಂದ ಗುರಿಯನ್ನು ಆ ಮಂಗಳವಾರದ ಮನುಷ್ಯನಿಗಾಗಿ ಬರೆಯಬೇಕು.

ಮೊದಲು ಕಳೆದ ವರ್ಷದ ಪಟ್ಟಿಯನ್ನು ಹುಡುಕಿ ತೆಗೆಯಿರಿ. ಬರೆದಿಡದಿದ್ದರೆ ನೆನಪಿನಿಂದಲೇ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ ನಿಂತಿತು ಎಂದು ಗುರುತಿಸಿ. ‘ಸೋಮಾರಿತನ’ ಎಂಬ ಉತ್ತರವನ್ನು ಒಪ್ಪಬೇಡಿ. ಜ್ವರ, ಪ್ರಯಾಣ, ಪಾಳಿಯ ಬದಲಾವಣೆ, ಮಗುವಿನ ಪರೀಕ್ಷೆ ಹೀಗೆ ಕಣ್ಣಿಗೆ ಕಾಣುವ ಕಾರಣವೊಂದು ಇದ್ದೇ ಇರುತ್ತದೆ, ಮತ್ತು ಅದು ಈ ವರ್ಷವೂ ಬರುತ್ತದೆ. ಅನಂತರ ಹೊಸ ಪಟ್ಟಿಯಿಂದ ಒಂದನ್ನು, ಹೆಚ್ಚೆಂದರೆ ಎರಡನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟುಬಿಡಿ. ಇತರರು ಮೆಚ್ಚಲೆಂದು ಸೇರಿಸಿದ್ದನ್ನು ಮೊದಲು ಬಿಡುವುದು ಸುಲಭ.

ಉಳಿದ ಗುರಿಯನ್ನು ಯಾವ ಮಾತಿನಲ್ಲಿ ಬರೆಯುತ್ತೇವೆ ಎಂಬುದಕ್ಕೆ ನಾವು ಎಣಿಸುವುದಕ್ಕಿಂತ ಹೆಚ್ಚಿನ ಬೆಲೆಯಿದೆ. ಸ್ವೀಡನ್ನಿನಲ್ಲಿ 1,066 ಜನರ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನನ್ನಾದರೂ ಮಾಡುತ್ತೇನೆ ಎಂಬ ಬಗೆಯ ಗುರಿಯಿಟ್ಟವರಲ್ಲಿ ಶೇ. 58.9ರಷ್ಟು ಜನ ತಾವು ಯಶಸ್ವಿಯಾದೆವೆಂದು ಹೇಳಿದರೆ, ಏನನ್ನಾದರೂ ಬಿಡುತ್ತೇನೆ ಎಂಬ ಬಗೆಯವರಲ್ಲಿ ಹಾಗೆ ಹೇಳಿದವರು ಶೇ. 47.1 ಮಾತ್ರ. ‘ರಾತ್ರಿ ಮೊಬೈಲ್ ನೋಡುವುದಿಲ್ಲ’ ಎಂದರೆ ಆ ಹೊತ್ತು ಖಾಲಿಯಾಗಿ ಉಳಿಯುತ್ತದೆ, ಖಾಲಿ ಜಾಗಕ್ಕೆ ಹಳೆಯ ಚಟವೇ ಬಂದು ಕೂರುತ್ತದೆ. ಆ ಹೊತ್ತಿನಲ್ಲಿ ಮಾಡುವುದೇನು ಎಂಬುದನ್ನೇ ಗುರಿಯಾಗಿ ಬರೆಯಿರಿ.

ನಾನು ಹಲವು ವರ್ಷ ‘ಹೆಚ್ಚು ಓದಬೇಕು’ ಎಂದು ಬರೆದುಕೊಂಡಿದ್ದೆ. ಎಷ್ಟು ಓದಿದರೆ ಹೆಚ್ಚು ಎಂಬುದು ಎಲ್ಲಿಯೂ ಇರಲಿಲ್ಲವಾದ್ದರಿಂದ ಗೆದ್ದೆನೋ ಸೋತೆನೋ ತಿಳಿಯುವ ಉಪಾಯವೇ ಇರಲಿಲ್ಲ. ಕೊನೆಗೆ ಆ ಸಾಲನ್ನು ಹೀಗೆ ಬದಲಿಸಿದೆ: ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಹತ್ತು ಪುಟ ಓದುತ್ತೇನೆ.’ ಪುಸ್ತಕವನ್ನು ಬೆಳಗ್ಗೆಯೇ ಕುರ್ಚಿಯ ಮೇಲಿಡುತ್ತಿದ್ದೆ. ಕೂರಬೇಕಾದರೆ ಅದನ್ನು ಕೈಗೆತ್ತಿಕೊಳ್ಳಲೇಬೇಕಿತ್ತು. ಮೊಬೈಲಿನ ಚಾರ್ಜರು ಬೇರೆ ಕೋಣೆಗೆ ಹೋಯಿತು. ಇಂಥದು ನಡೆದರೆ ಇಂಥದನ್ನು ಮಾಡುತ್ತೇನೆ ಎಂಬ ಈ ರೀತಿಯ ಯೋಜನೆಯನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ತಟ್ಟೆ ತೊಳೆದದ್ದೇ ಸೂಚನೆಯಾಗುವುದರಿಂದ, ಓದಲೋ ಬೇಡವೋ ಎಂಬ ಚರ್ಚೆ ಪ್ರತಿರಾತ್ರಿ ಹೊಸದಾಗಿ ಏಳುವುದಿಲ್ಲ ಎಂಬುದೇ ಇದರ ಗುಟ್ಟು. ಗಡಿಯಾರದ ಹೊತ್ತಿಗಿಂತ ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಗುರಿಯನ್ನು ಗಂಟುಹಾಕುವುದು ನನ್ನ ಅನುಭವದಲ್ಲಿ ಮೇಲು. ಎಂಟು ಗಂಟೆ ನಮಗಾಗಿ ಕಾಯುವುದಿಲ್ಲ, ತಟ್ಟೆ ಕಾಯುತ್ತದೆ.

ಇನ್ನು ಆ ಸಾಲಿನ ಕೆಳಗೆ ಅದೇ ಗುರಿಯ ಅತಿ ಚಿಕ್ಕ ರೂಪವನ್ನು ಬರೆಯಿರಿ. ಹತ್ತು ಪುಟ ಆಗದ ದಿನ ಒಂದು ಪುಟ. ಅರ್ಧ ಗಂಟೆಯ ನಡಿಗೆ ಆಗದ ದಿನ ಚಪ್ಪಲಿ ಮೆಟ್ಟಿ ಬೀದಿಯ ತುದಿಯವರೆಗೆ ಹೋಗಿ ಬರುವುದು. ಇದು ಮೋಸವೆಂದು ಕೆಲವರಿಗೆ ತೋರಬಹುದು. ಒಂದು ಪುಟದಿಂದ ಜ್ಞಾನವೇನೂ ಬೆಳೆಯದು, ನಿಜ. ಆದರೆ ಅಂದು ಕಾಪಾಡಬೇಕಾದದ್ದು ಕುರ್ಚಿಯಲ್ಲಿ ಕೂರುವ ರೂಢಿಯನ್ನೇ ಹೊರತು ಪುಟಗಳ ಸಂಖ್ಯೆಯನ್ನಲ್ಲ.

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ ಲೆಕ್ಕ ಹಾಕಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ, ಹೊಸ ನಡವಳಿಕೆ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಬೇಕಾಗುವ ಕಾಲದ ಮಧ್ಯಾಂಕ (ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 66 ದಿನ ಎಂದು ಕಂಡುಬಂದಿತು; ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು (12 ವಾರ ಮೀರಿದ ಅಂಕಿಗಳು ಆ ದಾಖಲೆಯಿಂದ ಮುಂದಕ್ಕೆ ಲೆಕ್ಕ ಹಾಕಿದ ಅಂದಾಜುಗಳು). ಅದೇ ಅಧ್ಯಯನದಲ್ಲಿ ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಪೆಟ್ಟು ಬೀಳುವುದು ‘ಹೇಗೂ ತಪ್ಪಿತಲ್ಲ, ಇನ್ನೇಕೆ’ ಎಂಬ ಮನಸ್ಸಿನಿಂದ. ಹೀಗಾಗಿ ತಪ್ಪಿದ ಮರುದಿನ ಮಾಡಬೇಕಾದದ್ದನ್ನೂ ಈಗಲೇ ಬರೆದಿಡಿ: ಮರುದಿನ ಚಿಕ್ಕ ರೂಪವೇ ಸಾಕು, ಬಿಟ್ಟುಹೋದದ್ದನ್ನು ಸೇರಿಸಿ ಇಪ್ಪತ್ತು ಪುಟ ಓದುವ ಪ್ರಾಯಶ್ಚಿತ್ತ ಬೇಡ. ಹಾಗೆ ಬಾಕಿ ತೀರಿಸಲು ಹೊರಟವರಿಗೆ ಎರಡನೆಯ ದಿನ ಇನ್ನಷ್ಟು ಭಾರವಾಗುತ್ತದೆ.

ಗುರುತು ಹಾಕಲು ಗೋಡೆಯ ಕ್ಯಾಲೆಂಡರ್ ಸಾಕು. ಹೊಸ ಡೈರಿ, ಹೊಸ ಶೂ, ಹೊಸ ಆ್ಯಪ್ ಕೊಳ್ಳುವ ಉತ್ಸಾಹವನ್ನು ಒಂದು ತಿಂಗಳು ತಡೆದುಕೊಳ್ಳಿ. ಕೊಂಡ ಸಂತೋಷವೇ ಕೆಲಸ ಮಾಡಿದ ಸಂತೋಷವೆಂದು ಮನಸ್ಸು ಸುಲಭವಾಗಿ ಭ್ರಮಿಸುತ್ತದೆ.

ಮಾರ್ಚ್ 31ರಂದು ಗುರಿಯನ್ನು ಮರಳಿ ಓದುವುದಾಗಿ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಚಿಕ್ಕ ರೂಪವೇ ದಿನನಿತ್ಯದ ರೂಪವಾಗಿಬಿಟ್ಟಿದ್ದರೆ ಗುರಿಯನ್ನು ಅಷ್ಟಕ್ಕೆ ಇಳಿಸಿ, ಬೇಡವೆನಿಸಿದ್ದರೆ ಕೈಬಿಡಿ. ಹಳೆಯ ಸಾಲನ್ನು ಅಳಿಸದೆ, ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಾರೀಖನ್ನೂ ಕಾರಣವನ್ನೂ ಬರೆಯಿರಿ. ಮುಂದಿನ ಡಿಸೆಂಬರಿನಲ್ಲಿ ಪಟ್ಟಿ ಬರೆಯಲು ಕೂತಾಗ ಮೊದಲು ಓದಬೇಕಾದದ್ದು ಆ ಗೆರೆ ಎಳೆದ ಸಾಲುಗಳನ್ನೇ.