ಮಳೆ ರಜೆಯಲ್ಲಿ ಪೊಕೆಮಾನ್ ರೆಡ್: ಮೊದಲ ಊರಿನಿಂದ ಕೊನೆಯವರೆಗೆ ಹೋಗೋದು ಹೇಗೆ?

ಜುಲೈ ಬಂತೆಂದರೆ ಕೊಡಗಿನ ಮಕ್ಕಳು ರಾತ್ರಿ ಮಲಗುವ ಮುಂಚೆ ಕೇಳುವುದು ಒಂದೇ ಪ್ರಶ್ನೆ, ನಾಳೆ ರಜೆನಾ? ಎಲ್ಲೋ ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಮೊಬೈಲ್ ಚಾರ್ಜ್ ಮುಗಿದಿರುತ್ತದೆ, ಹೊರಗೆ ಕಾಲಿಟ್ಟರೆ ಜಿಗಣೆ. ಹೋದ ವರ್ಷ ಅಂಥದೇ ಒಂದು ದಿನ ಸೋಮವಾರಪೇಟೆಯ ಅಕ್ಕನ ಮಗ ನಮ್ಮ ಮನೆಯ ಅಟ್ಟ ಹುಡುಕಿ ಕೈಯಲ್ಲಿ ಹಿಡಿದು ಆಡುವ ನನ್ನ ಹಳೇ ಗೇಮ್ ಮಷೀನ್, ಗೇಮ್ ಬಾಯ್ ಕಲರ್, ಇಳಿಸಿಕೊಂಡು ಬಂದ. ಒಳಗೆ ಪೊಕೆಮಾನ್ ರೆಡ್ ಕಾರ್ಟ್ರಿಡ್ಜ್ ಹಾಗೇ ಇತ್ತು. ಪೊಕೆಮಾನ್ ಎಂಬ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಜಗಳಕ್ಕೆ ಬಿಡುತ್ತಾ ಊರೂರು ಸುತ್ತುವ ಆಟ ಅದು. ಎರಡು ಪೆನ್ಸಿಲ್ ಸೆಲ್ ಹಾಕಿದ, ಆನ್ ಆಯಿತು. ಅರ್ಧ ಗಂಟೆ ಆಡಿ, "ಮಾಮ, ಇದರಲ್ಲಿ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಲ್ವಲ್ಲ?" ಅಂದ.

ಹೇಳುತ್ತಾರೆ. ಆದರೆ ನಾವೇ ಹೋಗಿ ಮಾತಾಡಿಸಬೇಕು. ಈಗಿನ ಆಟಗಳ ಹಾಗೆ ಪರದೆಯ ಮೇಲೆ ಬಾಣದ ಗುರುತು ಬರುವುದಿಲ್ಲ. ಹೊಸ ಊರಿಗೆ ಬಂದ ಕೂಡಲೇ ಎಲ್ಲ ಮನೆಗೂ ನುಗ್ಗಿ, ಎಲ್ಲರನ್ನೂ ಮಾತಾಡಿಸಿ. ದಾರಿ ಅವರ ಬಾಯಲ್ಲೇ ಇರುತ್ತದೆ.

ಯಾವ ವರ್ಷನ್ ತೆಗೆದುಕೊಳ್ಳಬೇಕು?

ಜಪಾನಿನಲ್ಲಿ 1996ರ ಫೆಬ್ರವರಿಯಲ್ಲಿ ರೆಡ್ ಮತ್ತು ಗ್ರೀನ್ ಅಂತ ಎರಡು ವರ್ಷನ್ ಬಂದವು. 1998ರಲ್ಲಿ ಅಮೆರಿಕಕ್ಕೆ ಹೋಗುವಾಗ ಅವು ರೆಡ್ ಮತ್ತು ಬ್ಲೂ ಆದವು. ಆಮೇಲೆ ಪಿಕಾಚು ನಿಮ್ಮ ಹಿಂದೆಯೇ ನಡೆದು ಬರುವ ಯೆಲ್ಲೋ ಬಂತು. ಇದೇ ಕಥೆಯನ್ನು 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಫೈರ್‌ರೆಡ್, ಲೀಫ್‌ಗ್ರೀನ್ ಅಂತ ಹೊಸದಾಗಿ ಮಾಡಿದರು. 2018ರಲ್ಲಿ ನಿಂಟೆಂಡೊ ಸ್ವಿಚ್ ಎಂಬ ಗೇಮ್ ಮಷೀನ್‌ಗೆ ಬಂದ ಲೆಟ್ಸ್ ಗೋ ಪಿಕಾಚು ಮತ್ತು ಲೆಟ್ಸ್ ಗೋ ಈವೀ ಕೂಡ ಇದೇ ಊರುಗಳ ಕಥೆ, ಆದರೆ ಅಲ್ಲಿ ಸಾಮಾನ್ಯ ಕಾಡು ಪೊಕೆಮಾನ್ ಜೊತೆ ಜಗಳ ಆಡುವ ಹಾಗಿಲ್ಲ, ಬಾಲ್ ಎಸೆದು ಹಿಡಿಯುವುದಷ್ಟೇ.

ಮೊದಲ ಸಲ ಆಡುವವರಿಗೆ ನಾನು ಫೈರ್‌ರೆಡ್ ಅಥವಾ ಲೀಫ್‌ಗ್ರೀನ್ ಅನ್ನೇ ಹೇಳುತ್ತೇನೆ. ಕಾರಣ ಸೇವ್. ಹಳೇ ರೆಡ್, ಬ್ಲೂ, ಯೆಲ್ಲೋ ಕಾರ್ಟ್ರಿಡ್ಜ್ ಒಳಗೆ ಒಂದು ಬಟನ್ ಸೆಲ್ ಇರುತ್ತದೆ, ನಿಮ್ಮ ಆಟ ಉಳಿಯುವುದು ಅದರ ದಯೆಯಿಂದ. 25 ವರ್ಷ ದಾಟಿದ ಸೆಲ್ ಸತ್ತಿರುವುದೇ ಜಾಸ್ತಿ. ನನ್ನದೂ ಸತ್ತಿತ್ತು. ಹೈಸ್ಕೂಲಿನಲ್ಲಿದ್ದಾಗ ಕೂಡಿಸಿಟ್ಟ ನೂರಾ ಚಿಲ್ಲರೆ ಪೊಕೆಮಾನ್ ಒಂದೂ ಇರಲಿಲ್ಲ, ತೆರೆದರೆ ಬರೀ 'ನ್ಯೂ ಗೇಮ್' ಅಂತ ತೋರಿಸಿತು, ಸ್ವಲ್ಪ ಹೊತ್ತು ಏನೂ ಮಾತಾಡಲು ಆಗಲಿಲ್ಲ ನನಗೆ. ಮಡಿಕೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಹೊಸ ಸೆಲ್ ಬೆಸುಗೆ ಹಾಕಿಕೊಟ್ಟ, ಈಗ ಸರಿಯಾಗಿದೆ. ಫೈರ್‌ರೆಡ್‌ನಲ್ಲಿ ಸೇವ್‌ಗೆ ಸೆಲ್ ಬೇಕಾಗಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಮ್ಮೆ ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿಯೇ ದುಡ್ಡು ಕೊಡಿ. ನಕಲಿ ಕಾರ್ಟ್ರಿಡ್ಜ್ ಬೇಕಾದಷ್ಟಿವೆ.

ಮುಂದೆ ಹೇಳುವುದೆಲ್ಲ ರೆಡ್ ಮತ್ತು ಬ್ಲೂ ಲೆಕ್ಕದಲ್ಲಿ. ಬೇರೆ ವರ್ಷನ್‌ನಲ್ಲಿ ಬದಲಾಗುವ ಕಡೆ ಹೇಳುತ್ತಾ ಹೋಗುತ್ತೇನೆ.

ಮೊದಲ ಪೊಕೆಮಾನ್, ಮೊದಲ ಎರಡು ಬ್ಯಾಡ್ಜ್

ಪ್ಯಾಲೆಟ್ ಟೌನ್‌ನಲ್ಲಿ ಪ್ರೊಫೆಸರ್ ಓಕ್ ಮೂರರಲ್ಲಿ ಒಂದನ್ನು ಕೊಡುತ್ತಾರೆ. ಬಲ್ಬಸಾರ್ ಹುಲ್ಲು ಜಾತಿ, ಚಾರ್ಮಾಂಡರ್ ಬೆಂಕಿ, ಸ್ಕ್ವಿರ್ಟಲ್ ನೀರು. ನೀವು ಏನೇ ಆರಿಸಿದರೂ ಪಕ್ಕದ ಮನೆ ಹುಡುಗ ಅದನ್ನು ಸೋಲಿಸುವಂಥದ್ದನ್ನೇ ಎತ್ತಿಕೊಳ್ಳುತ್ತಾನೆ. ಎಲ್ಲರಿಗೂ ಚಾರ್ಮಾಂಡರ್ ಇಷ್ಟ, ನನಗೂ. ಆದರೆ ಶುರುವಿನ ಎರಡು ಜಿಮ್ (ಅಲ್ಲಿನ ನಾಯಕರನ್ನು ಸೋಲಿಸಿ ಬ್ಯಾಡ್ಜ್ ಗೆಲ್ಲುವ ಜಾಗ) ಕಲ್ಲಿನದು ಮತ್ತು ನೀರಿನದು. ಎರಡಕ್ಕೂ ಬಲ್ಬಸಾರ್ ಸಾಕು, ಮೂರನೇ ಜಿಮ್‌ನ ಕರೆಂಟ್ ಹೊಡೆತವೂ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಹೊಸಬರು ಅದನ್ನೇ ತೆಗೆದುಕೊಳ್ಳಿ.

ವಿರಿಡಿಯನ್ ಸಿಟಿಗೆ ಹೋಗಿ ಅಂಗಡಿಯಲ್ಲಿ ಕೊಡುವ ಪಾರ್ಸೆಲ್ ತಂದು ಓಕ್‌ಗೆ ಕೊಡಿ, ಕಂಡ, ಹಿಡಿದ ಪೊಕೆಮಾನ್‌ಗಳ ಲೆಕ್ಕ ಇಡುವ ಪೊಕೆಡೆಕ್ಸ್ ಸಿಗುತ್ತದೆ. ಆಮೇಲೆ ವಿರಿಡಿಯನ್ ಕಾಡು. ಇಲ್ಲಿ ಅವಸರ ಬೇಡ. ಕ್ಯಾಟರ್‌ಪೀ ಎಂಬ ಹಸಿರು ಹುಳ ಒಂದನ್ನು ಹಿಡಿದು ಸಾಕಿ, 10ನೇ ಲೆವೆಲ್‌ಗೆ ಅದು ಬಟರ್‌ಫ್ರೀ ಚಿಟ್ಟೆ ಆಗುತ್ತದೆ. ಮುಂದೆ ಅದು ಕಲಿಯುವ ನಿದ್ದೆಯ ಪುಡಿ ಪೊಕೆಮಾನ್ ಹಿಡಿಯಲು ತುಂಬಾ ಉಪಯೋಗ. ಕಾಡು ದಾಟಿದರೆ ಪ್ಯೂಟರ್ ಸಿಟಿ, ಬ್ರಾಕ್‌ನ ಜಿಮ್. ಅವನ ಓನಿಕ್ಸ್ ಬರೀ 14ನೇ ಲೆವೆಲ್. ಬಲ್ಬಸಾರ್ ಅಥವಾ ಸ್ಕ್ವಿರ್ಟಲ್ ಇದ್ದರೆ ಎರಡು ನಿಮಿಷದ ಕೆಲಸ. ಚಾರ್ಮಾಂಡರ್‌ದ ಎಂಬರ್ ಎಂಬ ಬೆಂಕಿ ಏಟು ಕೂಡ ನಡೆಯುತ್ತದೆ, ಸ್ವಲ್ಪ ಲೆವೆಲ್ ಜಾಸ್ತಿ ಬೇಕಷ್ಟೇ. ಯೆಲ್ಲೋ ಆಡುವವರಿಗೇ ಕಷ್ಟ, ಪಿಕಾಚುವಿನ ಕರೆಂಟ್ ಬ್ರಾಕ್‌ನ ಪೊಕೆಮಾನ್‌ಗೆ ಚೂರೂ ತಾಗುವುದಿಲ್ಲ. ಅವರು ವಿರಿಡಿಯನ್ ಪಶ್ಚಿಮದ ದಾರಿಯಲ್ಲಿ ಒಂದು ಮ್ಯಾಂಕಿ ಹಿಡಿದುಕೊಳ್ಳಲಿ. ಫೈರ್‌ರೆಡ್‌ನಲ್ಲಿ ಚಾರ್ಮಾಂಡರ್‌ಗೆ 13ನೇ ಲೆವೆಲ್‌ನಲ್ಲಿ ಕಲ್ಲಿಗೆ ನಾಟುವ ಮೆಟಲ್ ಕ್ಲಾ ಏಟು ಸಿಗುತ್ತದೆ, ಅಲ್ಲಿ ಚಿಂತೆ ಇಲ್ಲ.

ಮೌಂಟ್ ಮೂನ್ ಗುಹೆ ದಾಟಿದರೆ ಸೆರುಲಿಯನ್ ಸಿಟಿ. ಇಲ್ಲಿನ ಜಿಮ್ ನಾಯಕಿ ಮಿಸ್ಟಿಯ ಸ್ಟಾರ್‌ಮೀ 21ನೇ ಲೆವೆಲ್, ತುಂಬಾ ಚುರುಕು. ಅದಕ್ಕೂ ಮುಂಚೆ ಊರಿನ ಉತ್ತರದ ಸೇತುವೆ ಕಡೆ ಹೋಗಿ, ಐದು ಜನರನ್ನು ಸೋಲಿಸಿ, ಲೆವೆಲ್ ಏರಿಸಿಕೊಂಡು ಬನ್ನಿ. ಅಲ್ಲೇ ಹುಲ್ಲಿನಲ್ಲಿ ಆಬ್ರಾ ಸಿಗುತ್ತದೆ. ಕೂತಲ್ಲೇ ನಿದ್ದೆ ಮಾಡುತ್ತಿರುವ ಹಾಗೆ ಕಾಣುತ್ತದೆ, ಆದರೆ ತನ್ನ ಸರದಿ ಬಂದ ತಕ್ಷಣ ಮಾಯ. ಹೊಡೆಯಲು ಹೋಗಬೇಡಿ. ಕಂಡ ಕೂಡಲೇ ಬಾಲ್ ಎಸೆಯಿರಿ. ಹತ್ತು ಬಾಲ್ ಹಾಳಾದರೂ ಬಿಡಬೇಡಿ, 16ನೇ ಲೆವೆಲ್‌ಗೆ ಅದು ಕಡಾಬ್ರಾ ಆದ ಮೇಲೆ ಅರ್ಧ ಆಟ ಅದೇ ಎಳೆದುಕೊಂಡು ಹೋಗುತ್ತದೆ. ಈ ಹಳೇ ವರ್ಷನ್‌ಗಳಲ್ಲಿ ಕಡಾಬ್ರಾದಂಥ ಸೈಕಿಕ್ (ಮನಸ್ಸಿನ ಶಕ್ತಿಯ) ಜಾತಿಗೆ ಎದುರಾಳಿಯೇ ಇಲ್ಲ ಅನ್ನಬಹುದು. ಹುಳುಗಳ ಏಟು ತಾಗುತ್ತದೆ, ಆದರೆ ಗಟ್ಟಿ ಏಟು ಕಡಿಮೆ. ದೆವ್ವದ ಏಟು ತಾಗಬೇಕಿತ್ತು, ಆಟ ಮಾಡುವಾಗಿನ ತಪ್ಪಿನಿಂದ ಅದೂ ತಾಗುವುದಿಲ್ಲ.

ಸೇತುವೆಯ ಆಚೆ ಬಿಲ್ ಎಂಬವನ ಮನೆಗೆ ಹೋಗಿ ಹಡಗಿನ ಟಿಕೆಟ್ ಪಡೆಯಲೇಬೇಕು. ಆಮೇಲೆ ಊರಲ್ಲಿ ಕಳ್ಳತನ ಆದ ಮನೆಯ ಬಾಗಿಲಲ್ಲಿ ನಿಂತ ಪೊಲೀಸ್ ಪಕ್ಕಕ್ಕೆ ಸರಿಯುತ್ತಾನೆ, ಆ ಮನೆಯ ಹಿಂಬಾಗಿಲಿನಿಂದಲೇ ಮುಂದಿನ ದಾರಿ.

ಎಲ್ಲರೂ ಸಿಕ್ಕಿಬೀಳುವ ಜಾಗ

ವರ್ಮಿಲಿಯನ್ ಸಿಟಿಯಲ್ಲಿ ಎಸ್.ಎಸ್. ಆನ್ ಹಡಗು ಹತ್ತಿ. ತಲೆ ಸುತ್ತಿ ಕೂತ ಕ್ಯಾಪ್ಟನ್ ಬೆನ್ನು ಉಜ್ಜಿದರೆ ಪೊಕೆಮಾನ್‌ಗೆ 'ಕಟ್' ವಿದ್ಯೆ ಕಲಿಸುವ ಎಚ್‌ಎಂ ಕೊಡುತ್ತಾನೆ. ಅದನ್ನು ತೆಗೆದುಕೊಂಡು ಇಳಿದರೆ ಹಡಗು ಹೊರಟೇ ಹೋಗುತ್ತದೆ. ಹಾಗಾಗಿ ಮೊದಲು ಎಲ್ಲ ಕೋಣೆಗಳನ್ನೂ ನೋಡಿಬಿಡಿ. ಕಟ್ ಇದ್ದರೆ ದಾರಿಗೆ ಅಡ್ಡ ನಿಂತ ಗಿಡ ಕಡಿಯಬಹುದು, ಮಳೆಗಾಲದಲ್ಲಿ ಜೀಪಿನಲ್ಲಿ ಕತ್ತಿ ಇಟ್ಟುಕೊಂಡು ಓಡಾಡುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಎಚ್ಚರಿಕೆ: ಹೀಗೆ ಎಚ್‌ಎಂನಿಂದ ಕಲಿಸಿದ್ದನ್ನು ಹಳೇ ವರ್ಷನ್‌ಗಳಲ್ಲಿ ಮರೆಸಲು ಆಗುವುದಿಲ್ಲ. ನಿಮ್ಮ ಒಳ್ಳೇ ಪೊಕೆಮಾನ್‌ಗೆ ಕಟ್ ಕಲಿಸಬೇಡಿ, ರೆಡ್‌ನಲ್ಲಿ ಆಡಿಶ್, ಬ್ಲೂನಲ್ಲಿ ಬೆಲ್‌ಸ್ಪ್ರೌಟ್ ಹಿಡಿದು ಅದಕ್ಕೆ ಕಲಿಸಿ.

ಇಲ್ಲಿನ ಜಿಮ್‌ನಲ್ಲಿ ಕಸದ ಬುಟ್ಟಿಗಳ ಒಳಗೆ ಎರಡು ಸ್ವಿಚ್ ಇವೆ. ಮೊದಲನೆಯದು ಸಿಕ್ಕರೆ ಎರಡನೆಯದು ಅದರ ಪಕ್ಕದ ಬುಟ್ಟಿಗಳಲ್ಲೇ ಎಲ್ಲೋ ಇರುತ್ತದೆ. ತಪ್ಪಿದರೆ ಮತ್ತೆ ಮೊದಲಿಂದ.

ಇನ್ನು ರಾಕ್ ಟನಲ್. ನಾನು ಸೋತು ಕೂತ ಜಾಗ ಇದು. ಒಳಗೆ ಕತ್ತಲೆ. ಬೆಳಕಿಗೆ 'ಫ್ಲಾಶ್' ಬೇಕು, ಅದನ್ನು ಕೊಡುವವನು ಬಹಳ ಹಿಂದೆ ಬಿಟ್ಟುಬಂದ ರೂಟ್ 2ರ ಒಂದು ಕಟ್ಟಡದಲ್ಲಿ ಕೂತಿದ್ದಾನೆ, ಅದೂ 10 ಬಗೆಯ ಪೊಕೆಮಾನ್ ಹಿಡಿದವರಿಗೆ ಮಾತ್ರ. ವರ್ಮಿಲಿಯನ್ ಪೂರ್ವದ ಡಿಗ್ಲೆಟ್ ಗುಹೆ ಹೊಕ್ಕರೆ ನೇರ ಅಲ್ಲಿಗೆ ಹೋಗಬಹುದು. ನನಗೆ ಇದು ಗೊತ್ತಿರಲಿಲ್ಲ. ಒಂದು ಆಗಸ್ಟ್ ರಾತ್ರಿ, ಮೂರು ದಿನದಿಂದ ಕರೆಂಟ್ ಇಲ್ಲ, ಸೀಮೆಎಣ್ಣೆ ದೀಪದ ಪಕ್ಕ ಕೂತು ಗೋಡೆ ಸವರಿಕೊಂಡು ಆ ಗುಹೆ ದಾಟುತ್ತಿದ್ದೆ. ಗೇಮ್ ಬಾಯ್‌ನ ಕೆಂಪು ಲೈಟ್ ಮಂದವಾಗುತ್ತಾ ಬಂತು. ಅಪ್ಪನ ರೇಡಿಯೋದ ಸೆಲ್ ಕಿತ್ತು ತರೋಣ ಅಂತ ಎದ್ದೆ, ಬರುವಷ್ಟರಲ್ಲಿ ಪರದೆ ಆರಿತ್ತು. ಮಿಸ್ಟಿಯನ್ನು ಗೆದ್ದ ಮೇಲೆ ಸೇವ್ ಮಾಡಿರಲೇ ಇಲ್ಲ. ಹಡಗು, ಕ್ಯಾಪ್ಟನ್, ಕಸದ ಬುಟ್ಟಿ ಎಲ್ಲ ಮತ್ತೆ. ದಯವಿಟ್ಟು ಪ್ರತಿ ಗುಹೆಯ ಬಾಯಲ್ಲಿ ಸೇವ್ ಮಾಡಿ.

ಗುಹೆಗೆ ಹೋಗುವಾಗ ಸೆರುಲಿಯನ್ ಅಂಗಡಿಯಿಂದ ರಿಪೆಲ್ ನಾಲ್ಕೈದು ತೆಗೆದುಕೊಳ್ಳಿ. ತೋಟಕ್ಕೆ ಹೋಗುವಾಗ ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡರೆ ಜಿಗಣೆ ಹತ್ತಿರ ಬರಲ್ಲ ಅಲ್ವಾ, ಹಾಗೇ ಇದು. ನಿಮ್ಮ ಸಾಲಿನಲ್ಲಿ ಮುಂದೆ ನಿಂತ ಪೊಕೆಮಾನ್‌ಗಿಂತ ಕಡಿಮೆ ಲೆವೆಲ್‌ನವು ಎದುರಾಗುವುದಿಲ್ಲ.

ಗುಹೆಯ ಆಚೆ ಲ್ಯಾವೆಂಡರ್ ಟೌನ್. ಅಲ್ಲಿನ ಗೋಪುರದಲ್ಲಿ ದೆವ್ವಗಳು ದಾರಿ ಬಿಡಲ್ಲ. ಒದ್ದಾಡಬೇಡಿ, ಅದನ್ನು ಬಿಟ್ಟು ಪಶ್ಚಿಮದ ಸೆಲಡನ್‌ಗೆ ಹೋಗಿ. ಗೇಮ್ ಕಾರ್ನರ್‌ನ ಗೋಡೆಯ ಪೋಸ್ಟರ್ ಹಿಂದೆ ಒಂದು ಸ್ವಿಚ್ ಇದೆ, ಅದರಡಿ ಟೀಮ್ ರಾಕೆಟ್ ಎಂಬ ಕಳ್ಳರ ಗುಂಪಿನ ಅಡಗುತಾಣ, ಅಲ್ಲಿ ಅವರ ನಾಯಕ ಜಿಯೊವಾನಿಯನ್ನು ಸೋಲಿಸಿದರೆ ಸಿಲ್ಫ್ ಸ್ಕೋಪ್. ಅದು ಇದ್ದರೆ ದೆವ್ವ ಯಾರೆಂದು ಕಾಣುತ್ತದೆ. ಗೋಪುರದ ತುದಿಯ ಫ್ಯೂಜಿ ಅಜ್ಜನನ್ನು ಬಿಡಿಸಿದರೆ ಕೊಳಲು ಕೊಡುತ್ತಾರೆ. ಆ ಕೊಳಲಿನಿಂದ ರಸ್ತೆಗೆ ಅಡ್ಡ ಮಲಗಿದ ಸ್ನೋರ್ಲಾಕ್ಸ್ ಎಬ್ಬಿಸಬಹುದು. ಇಡೀ ಆಟದಲ್ಲಿ ಸ್ನೋರ್ಲಾಕ್ಸ್ ಇರುವುದು ಎರಡೇ, ಸೇವ್ ಮಾಡಿಯೇ ಊದಿ.

ಸ್ಯಾಫ್ರನ್ ಸಿಟಿಯ ಒಳಗೆ ಬಿಡದ ಕಾವಲುಗಾರರು "ಬಾಯಾರಿದೆ" ಅನ್ನುತ್ತಾರಲ್ಲ, ಅವರಿಗೆ ಸೆಲಡನ್ ಡಿಪಾರ್ಟ್‌ಮೆಂಟ್ ಸ್ಟೋರ್‌ನ ತಾರಸಿಯ ಮಷೀನ್‌ನಿಂದ ಒಂದು ಬಾಟಲಿ ನೀರು ಕೊಟ್ಟರೆ ಸಾಕು. ಫೈರ್‌ರೆಡ್‌ನಲ್ಲಿ ಇದು ಬೇರೆ, ಅಲ್ಲಿ ಸೆಲಡನ್‌ನ ಅಜ್ಜಿಯೊಬ್ಬರು ಕೊಡುವ ಟೀ ಬೇಕು.

ಆಮೇಲೆ ಬೇಗ ಬೇಗ

ಫ್ಯೂಷಿಯಾದ ಸಫಾರಿ ಜೋನ್‌ನಲ್ಲಿ ನೀರಿನ ಮೇಲೆ ಸಾಗಲು ಬೇಕಾದ ಸರ್ಫ್ ಮತ್ತು ಚಿನ್ನದ ಹಲ್ಲುಸೆಟ್ ಎರಡನ್ನೂ ತನ್ನಿ, ಹಲ್ಲುಸೆಟ್ ವಾರ್ಡನ್‌ಗೆ ಕೊಟ್ಟರೆ ಬಂಡೆ ತಳ್ಳುವ ಸ್ಟ್ರೆಂತ್. ಒಳಗೆ 500 ಹೆಜ್ಜೆ ಮಾತ್ರ. ಸ್ಯಾಫ್ರನ್‌ನ ಸಿಲ್ಫ್ ಕಟ್ಟಡದಲ್ಲಿ ಎಸೆದರೆ ತಪ್ಪದೇ ಹಿಡಿಯುವ ಮಾಸ್ಟರ್ ಬಾಲ್ ಸಿಗುತ್ತದೆ, ಬೇರೆ ಯಾವುದಕ್ಕೂ ಎಸೆಯಬೇಡಿ, ಕೊನೆಗೆ ಸಿಗುವ ಬಲಶಾಲಿ ಮ್ಯೂಟೂಗೆ ಇಟ್ಟುಕೊಳ್ಳಿ. ಅದೇ ಕಟ್ಟಡದಲ್ಲಿ ಒಬ್ಬ ಲಾಪ್ರಸ್ ಅನ್ನು ಸುಮ್ನೆ ಕೊಡುತ್ತಾನೆ. ಸಿನ್ನಬಾರ್ ದ್ವೀಪದ ಪಾಳು ಬಂಗಲೆಯಲ್ಲಿ ಜಿಮ್‌ನ ಬೀಗದ ಕೈ ಇದೆ. ಎಂಟನೇ ಬ್ಯಾಡ್ಜ್ ಮತ್ತೆ ವಿರಿಡಿಯನ್‌ನಲ್ಲಿ.

ಕೊನೆಗೆ ಎಲೈಟ್ ಫೋರ್ ಎಂಬ ನಾಲ್ವರು ಘಟಾನುಘಟಿಗಳು ಮತ್ತು ಪಕ್ಕದ ಮನೆ ಹುಡುಗ, ಸಾಲಾಗಿ ಐದು ಜಗಳ, ನಡುವೆ ಪೊಕೆಮಾನ್ ವಾಸಿ ಮಾಡಿಸಲು ಪೊಕೆಮಾನ್ ಸೆಂಟರ್ ಇಲ್ಲ. ಲೊರೆಲೈಗೆ ಕರೆಂಟ್, ಬ್ರೂನೋ ಮತ್ತು ಅಗಾಥಾಗೆ ಸೈಕಿಕ್, ಲ್ಯಾನ್ಸ್‌ನ ಡ್ರ್ಯಾಗನ್‌ಗಳಿಗೆ ಹಿಮ. ಲ್ಯಾನ್ಸ್‌ನ ಡ್ರ್ಯಾಗನೈಟ್ 62ನೇ ಲೆವೆಲ್, ಹಾಗಾಗಿ ನಿಮ್ಮವು 55 ದಾಟಿರಲಿ. ಗೆದ್ದ ಮೇಲೆ ಸೆರುಲಿಯನ್ ಗುಹೆಯಲ್ಲಿ 70ನೇ ಲೆವೆಲ್‌ನ ಮ್ಯೂಟೂ ಸಿಗುತ್ತದೆ.

ಜಾಪ್ಡೋಸ್‌ನಂಥ ಅಪರೂಪದ ಹಕ್ಕಿ ಪೊಕೆಮಾನ್‌ಗಳನ್ನು ಹಿಡಿಯಲು ಹೋಗುವ ಮುಂಚೆ ಒಂದು ಮಾತು. ಹಳೇ ವರ್ಷನ್‌ನಲ್ಲಿ ಹಿಡಿದವನ್ನು ಇಡುವ ಒಂದು ಬಾಕ್ಸ್‌ಗೆ 20 ಪೊಕೆಮಾನ್ ಅಷ್ಟೇ, ತುಂಬಿದರೆ ನೀವೇ ಬಾಕ್ಸ್ ಬದಲಿಸಬೇಕು. ಪವರ್ ಪ್ಲಾಂಟ್‌ನಲ್ಲಿ ಜಾಪ್ಡೋಸ್ ಎದುರು ನಿಂತು ಬಾಲ್ ಎಸೆಯಲು ಹೋದಾಗ ಬಾಕ್ಸ್ ತುಂಬಿದೆ ಅಂತ ಬಂದರೆ ಹೇಗಿರುತ್ತದೆ ಅಂತ ನನಗೆ ಗೊತ್ತು.

ಇನ್ನೊಬ್ಬರು ಬೇಕು

ಒಟ್ಟು 151 ಪೊಕೆಮಾನ್. ರೆಡ್ ಒಂದರಲ್ಲೇ ಎಲ್ಲ ಸಿಗುವುದಿಲ್ಲ, ಬ್ಲೂನಲ್ಲೂ ಸಿಗುವುದಿಲ್ಲ. ಎಕಾನ್ಸ್, ಗ್ರೌಲಿತ್, ಸ್ಕೈದರ್, ಇಲೆಕ್ಟಬಝ್ ರೆಡ್‌ನಲ್ಲಿ. ಸ್ಯಾಂಡ್‌ಶ್ರೂ, ವಲ್ಪಿಕ್ಸ್, ಪಿನ್ಸರ್, ಮ್ಯಾಗ್ಮಾರ್ ಬ್ಲೂನಲ್ಲಿ. ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಲಿ ಅಂತ ಇದು ಬೇಕೆಂದೇ ಮಾಡಿದ್ದು. ಆಟ ರೂಪಿಸಿದ ಸತೋಶಿ ತಾಜಿರಿಗೆ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚು, ಎರಡು ಗೇಮ್ ಬಾಯ್ ನಡುವಿನ ಕೇಬಲ್ ನೋಡಿದಾಗ ಅದರ ಮೇಲೆ ಹುಳ ಹರಿದು ಹೋಗುವ ಹಾಗೆ ಅವರಿಗೆ ಕಂಡಿತಂತೆ. ಬೆಂಕಿಪೊಟ್ಟಣದಲ್ಲಿ ಜೀರುಂಡೆ ಇಟ್ಟುಕೊಂಡು ಶಾಲೆಗೆ ಹೋಗಿ, ಗೆಳೆಯನ ಹತ್ತಿರ ಬದಲಾಯಿಸಿಕೊಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ನನಗೆ ಜೊತೆ ಸಿಕ್ಕಿದ್ದು ವಿರಾಜಪೇಟೆಯ ದೊಡ್ಡಮ್ಮನ ಮನೆ ಅಣ್ಣ. ಅವನದು ಬ್ಲೂ. ಪುತ್ತರಿ ಹಬ್ಬಕ್ಕೆ ಬರುವಾಗ ಕೇಬಲ್ ತಂದಿದ್ದ. ಎಲ್ಲರೂ ಹೊರಗೆ ಪಟಾಕಿ ಹೊಡೆಯುತ್ತಿದ್ದಾಗ ನಾವಿಬ್ಬರು ಅಡುಗೆಮನೆಯ ಒಲೆ ಪಕ್ಕ ಕೂತು ಕಡಾಬ್ರಾ ಕೊಟ್ಟು ಹಾಂಟರ್ ತೆಗೆದುಕೊಂಡೆವು. ಅವನ ಪರದೆಯಲ್ಲಿ ನನ್ನ ಕಡಾಬ್ರಾ ಅಲಕಝಾಮ್ ಆಯಿತು, ನನ್ನ ಪರದೆಯಲ್ಲಿ ಅವನ ಹಾಂಟರ್ ಗೆಂಗಾರ್ ಆಯಿತು. ಹೀಗೆ ಕೈ ಬದಲಾದರೆ ಮಾತ್ರ ಬೆಳೆಯುವವು ನಾಲ್ಕು: ಕಡಾಬ್ರಾ, ಹಾಂಟರ್, ಮಚೋಕ್, ಗ್ರಾವ್ಲರ್. ಆಮೇಲೆ ಅವನು ನನ್ನ ಅಲಕಝಾಮ್ ವಾಪಸ್ ಕೊಟ್ಟ, ಕೇಳದೇ ಇದ್ದರೂ.

ಮಾಡುವುದು ಸುಲಭ. ಇಬ್ಬರೂ ಯಾವುದಾದರೂ ಪೊಕೆಮಾನ್ ಸೆಂಟರ್‌ಗೆ ಹೋಗಿ, ಕೌಂಟರ್‌ನ ಬಲತುದಿಯಲ್ಲಿ ನಿಂತವಳನ್ನು ಮಾತಾಡಿಸಿ, ಸೇವ್ ಮಾಡಿ, ಟ್ರೇಡ್ ಸೆಂಟರ್ ಆರಿಸಿ. ಬೇರೆಯವರಿಂದ ಬಂದ ಪೊಕೆಮಾನ್ ಬೇಗ ಬೆಳೆಯುತ್ತದೆ, ಆದರೆ ನಿಮ್ಮ ಹತ್ತಿರ ಸಾಕಷ್ಟು ಬ್ಯಾಡ್ಜ್ ಇಲ್ಲದಿದ್ದರೆ ಹೇಳಿದ ಮಾತು ಕೇಳುವುದಿಲ್ಲ. ಸೆಲ್ ಹೊಸದು ಹಾಕಿಕೊಂಡು ಕೂರಿ. ಟ್ರೇಡ್ ಪೂರ್ತಿ ಮುಗಿಯುವವರೆಗೆ ಕೇಬಲ್ ಮುಟ್ಟಬೇಡಿ, ಒಲೆ ಹತ್ತಿರದಿಂದ ಎದ್ದು ಬಾ ಅಂತ ಯಾರು ಕೂಗಿದರೂ.