ಮಂಗಳವಾರದ ಕಂತು, ತಿಂಗಳಿಗೊಮ್ಮೆ ಬರುವ ದುಡ್ಡು

ಬಾಗಲಕೋಟೆ ಕಡೆ ಖಡಕ್ ರೊಟ್ಟಿ ಮಾರಿ ಬದುಕುವವಳು ನಾನು. ಶುರು ಮಾಡಿದ್ದು ಸ್ತ್ರೀಶಕ್ತಿ ಸಂಘದ ಸಾಲದಿಂದ. ಐದು ಸಾವಿರ ಎತ್ತಿ ಎರಡು ಹಂಚು, ಒಂದು ಚೀಲ ಬಿಳಿಜೋಳ ತಂದೆ. ಆ ಸಾಲ ತೀರಿದ್ದೇ ಗೊತ್ತಾಗಲಿಲ್ಲ.

ಆಮೇಲೆ ಆಸೆ ಜಾಸ್ತಿ ಆಯ್ತು. ಫೈನಾನ್ಸ್‌ನವರು ಓಣಿಗೇ ಬಂದು, ಹತ್ತು ಹೆಂಗಸರ ಗುಂಪು ಮಾಡಿ ತಲಾ 40,000 ಕೊಟ್ಟರು. ಏನೂ ಅಡ ಇಡಬೇಕಿಲ್ಲ, ಒಬ್ಬರಿಗೊಬ್ಬರು ಜಾಮೀನು. ಆ ದುಡ್ಡಲ್ಲಿ ರೊಟ್ಟಿ ಒತ್ತುವ ಮಷೀನ್ ತಂದೆ. ಗಿರಾಕಿಗಳು ಒಂದು ವಾರ ತಿಂದು, "ಅಕ್ಕಾರ, ಬಡದ ರೊಟ್ಟೀನ ಕೊಡ್ರಿ" ಅಂದರು. ಈಗ ಆ ಮಷೀನ್ ಮೇಲೆ ಹಪ್ಪಳದ ಡಬ್ಬಿ ಕೂತಿದೆ.

ಆದರೆ ಕಂತು ಮುಂದಿನ ಮಂಗಳವಾರದಿಂದಲೇ ಶುರು. ವಾರಕ್ಕೆ 862 ರೂಪಾಯಿ, 52 ವಾರ. ನನ್ನ ದೊಡ್ಡ ಗಿರಾಕಿ ಒಂದು ಖಾನಾವಳಿ, ಅವರು ಕೊಡುವುದು ತಿಂಗಳಿಗೊಮ್ಮೆ. ಒಂದು ಮಂಗಳವಾರ ಕೈಯಲ್ಲಿ 300 ಮಾತ್ರ ಇತ್ತು. ಉಳಿದವರು ಸೇರಿ ತುಂಬಿದರು, ಆಮೇಲೆ ಒಂದು ವಾರ ನೀರಿನ ನಲ್ಲಿ ಹತ್ತಿರ ಯಾರೂ ಸರಿಯಾಗಿ ಮಾತಾಡಲಿಲ್ಲ. ನಮ್ಮ ಗುಂಪಿನ ಮೂವರು ಈ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಿದರು, ಇಬ್ಬರ ದುಡ್ಡು ಮೊದಲ ದಿನವೇ ಗಂಡನ ಕೈಸೇರಿತ್ತು, ಹೆಸರು ಮಾತ್ರ ಇವರದು! ನಾನು ಬೆಂಡೋಲೆ ಅಡ ಇಟ್ಟೆ.

ಬಡ್ಡಿ ವರ್ಷಕ್ಕೆ ಶೇಕಡಾ 12 ಅಂತ ಬಾಯಲ್ಲಿ ಹೇಳಿದ್ದರು. ಮಗಳು ಕೂತು ಲೆಕ್ಕ ಹಾಕಿದಳು. ಅಸಲು ವಾರವಾರ ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ 40,000ಕ್ಕೇ, ಅಂದರೆ ನಿಜಕ್ಕೂ 22ರ ಆಸುಪಾಸು. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪೂರ್ತಿ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಮನೆಯ ಎಲ್ಲಾ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ, ವಸೂಲಿಗೆ ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ಸಾಲ ತೀರಿದ ಮೇಲೆ, ನೋಡಿ. 2025ರಲ್ಲಿ ನಮ್ಮ ರಾಜ್ಯ ವಸೂಲಿ ಕಿರುಕುಳದ ವಿರುದ್ಧ ಕಾನೂನು ತಂದಿತು, ಒಳ್ಳೆಯದೇ ಆಯ್ತು. ಖಾನಾವಳಿಯವರು ದುಡ್ಡು ಕೊಡುವ ದಿನ ಮಾತ್ರ ನಾನೇ ಬದಲಾಯಿಸಬೇಕಿತ್ತು.

ಹೋಗಿ ಕೇಳಿದೆ. "ಪ್ರತಿ ಸೋಮವಾರ ಕೊಡ್ರಿ, ನೂರು ರೊಟ್ಟಿಗೆ ಎರಡು ಜಾಸ್ತಿ ಹಾಕ್ತೀನಿ." ಒಪ್ಪಿಕೊಂಡರು. ಇಷ್ಟು ದಿನ ಸುಮ್ನೆ ಯಾಕೆ ಹೆದರಿದ್ದೆನೋ.

ಮುಂದಿನ ಸಾಲ ಎತ್ತಿದ್ದು ಸುಗ್ಗಿಯಲ್ಲಿ, ಬರೀ ಜೋಳಕ್ಕೆ. ಆರು ಕ್ವಿಂಟಲ್ ಒಟ್ಟಿಗೆ ಕೊಂಡೆ, ಮಳೆಗಾಲದ ರೇಟಿಗೆ ಹೋಲಿಸಿದರೆ ಕ್ವಿಂಟಲ್‌ಗೆ 600 ಉಳಿಯಿತು. ಮರುದಿನವೇ ರೊಟ್ಟಿಯಾಗಿ ಮಾರಾಟಕ್ಕೆ ಹೋಗುವ ಮಾಲು, ಕಂತು ಭಾರ ಅನ್ನಿಸಲಿಲ್ಲ. ಈಗ ಇಬ್ಬರು ಹೆಂಗಸರು ನನ್ನ ಜೊತೆ ಬಡಿಯುತ್ತಾರೆ.

ಈ ಸುಗ್ಗಿಗೂ ಕೇಳಿದ್ದೇನೆ, ಸಂಘದಲ್ಲೇ. ಅಲ್ಲಿ ಒಳಸಾಲ ಅಂದರೆ ನಮ್ಮದೇ ಉಳಿತಾಯದಿಂದ ನಮ್ಮೊಳಗೇ ಕೊಡುವ ಸಾಲ, ಅದರ ಬಡ್ಡಿ ನಮ್ಮ ಪೆಟ್ಟಿಗೆಗೇ ವಾಪಸ್ ಬರುತ್ತದೆ, ಅಲ್ವಾ. ಮಷೀನ್ ಯಾರಿಗಾದರೂ ಬೇಕಿದ್ದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ.